ಅಬ್ಲೇಶನ್ ಆದ ಮೇಲೆ ವಾಚ್ ಕಟ್ಟಬೇಕಾ, ಬಿಚ್ಚಿಡಬೇಕಾ?

ಏಪ್ರಿಲ್‌ನಲ್ಲಿ ಒಂದು ದಿನ ಕೈಗಡಿಯಾರದಲ್ಲಿ 31 ಸಲ ಇಸಿಜಿ ತೆಗೆದುಕೊಂಡಿದ್ದೆ. ರಾತ್ರಿ ಮಲಗುವ ಮುಂಚೆ ಫೋನ್‌ನಲ್ಲಿ ಎಣಿಸಿದಾಗಲೇ ಗೊತ್ತಾಗಿದ್ದು. 26 ಸರಿ ಇದ್ದವು. ಉಳಿದ 5ಕ್ಕೆ ವಾಚ್ 'ಹೇಳಲಾಗದು' ಅಂದಿತ್ತು. ಆ ಐದಕ್ಕೇ ಇಡೀ ದಿನ ಬೆವರಿದ್ದೆ.

ನಾನು ಕಲಬುರಗಿಯವನು, ವಯಸ್ಸು 63. ಬಸ್‌ಸ್ಟ್ಯಾಂಡಿನಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿದ್ದೆ. ಆಳಂದ ಗಾಡಿ ಎಷ್ಟಕ್ಕೆ ಬಂತು, ಸೇಡಂ ಗಾಡಿ ಎಷ್ಟಕ್ಕೆ ಬಿಟ್ಟಿತು, ಜೇವರ್ಗಿ ಗಾಡಿ ಯಾಕೆ ಲೇಟು ಅಂತ ರಿಜಿಸ್ಟರ್ ಬರೆಯುವುದೇ ಕೆಲಸ. ನಿವೃತ್ತಿ ಆದರೂ ಆ ಚಟ ಬಿಡಲಿಲ್ಲ. ಗಾಡಿ ಇಲ್ಲದ್ದಕ್ಕೆ ಎದೆಬಡಿತ ಬರೆಯತೊಡಗಿದೆ. ಹೃದಯಬಡಿತ ಸರಿಪಡಿಸುವ ಅಬ್ಲೇಶನ್ ಚಿಕಿತ್ಸೆ ಮಾಡಿಸಿಕೊಂಡು ಹತ್ತು ತಿಂಗಳಾಯಿತು. ಅಷ್ಟರಲ್ಲಿ ಏನು ತಪ್ಪು ಮಾಡಿದೆ, ಏನು ಉಪಯೋಗಕ್ಕೆ ಬಂತು ಅಂತ ಇಲ್ಲಿ ಹೇಳುತ್ತೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಡಾಕ್ಟರ್ ಬೇರೆ ಹೇಳಿದ್ದರೆ ಅವರ ಮಾತೇ ನಡೆಯಲಿ.

ನನಗಿದ್ದದ್ದು ಏಟ್ರಿಯಲ್ ಫಿಬ್ರಿಲೇಶನ್. ಡಾಕ್ಟರ್‌ಗಳು ಎಎಫ್ ಅಂತಾರೆ. ಹೃದಯದ ಮೇಲಿನ ಎರಡು ಕೋಣೆ ಸರಿಯಾಗಿ ಕುಗ್ಗದೆ ಬರೀ ನಡುಗುತ್ತವೆ. ನಾಡಿ ಅಡ್ಡಾದಿಡ್ಡಿ ಓಡುತ್ತದೆ. ಕೋಣೆಯಲ್ಲಿ ರಕ್ತ ನಿಂತು ಹೆಪ್ಪಾಗಬಹುದು, ಅದು ಮಿದುಳಿಗೆ ಹೋದರೆ ಲಕ್ವ. ಈ ಗಲಾಟೆ ಹೆಚ್ಚಾಗಿ ಶುರುವಾಗುವುದು ಶ್ವಾಸಕೋಶದಿಂದ ರಕ್ತ ತರುವ ನಾಳಗಳ ಬಾಯಲ್ಲಿ ಅಂತ 1998ರಲ್ಲಿ ಫ್ರಾನ್ಸಿನ ಬೋರ್ಡೋ ಊರಿನ ಡಾಕ್ಟರ್‌ಗಳು ತೋರಿಸಿಕೊಟ್ಟರು. ಅಬ್ಲೇಶನ್ ಅಂದರೆ ತೊಡೆಸಂದಿನ ರಕ್ತನಾಳದಿಂದ ತಂತಿಯಂಥ ಕೊಳವೆ ಏರಿಸಿ, ಆ ಬಾಯಿಗಳ ಸುತ್ತ ಕಾಯಿಸಿಯೋ ತಣ್ಣಗೆ ಮಾಡಿಯೋ ಗಾಯದ ಬೇಲಿ ಹಾಕುವುದು. ಕರೆಂಟು ಬೇಲಿ ದಾಟಬಾರದು, ಅಷ್ಟೇ.

ಫೆಬ್ರವರಿ ನಡುವೆ ಹೈದರಾಬಾದಿನ ಒಂದು ದವಾಖಾನೆಯಲ್ಲಿ ಮಾಡಿಸಿಕೊಂಡೆ. ಕೆಲಸ ಚೆನ್ನಾಗಿ ಮಾಡಿದರು. ಮನೆಗೆ ಕಳಿಸುವಾಗ ಕೊಟ್ಟ ಕಾಗದದಲ್ಲಿ ಮಾತ್ರ ಗುಳಿಗೆಗಳ ಹೆಸರು, ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು. ಕುಕ್ಕರಗಾಲಲ್ಲಿ ಕೂರಬಹುದಾ, ಕೊಡ ಎತ್ತಬಹುದಾ, ಎದೆ ಮತ್ತೆ ಹಾರಿದರೆ ಏನು ಮಾಡಬೇಕು, ಒಂದೂ ಇರಲಿಲ್ಲ. ಅದಕ್ಕೇ ಈ ಬರಹ.

ಮೊದಲ ವಾರ ಎದೆಗಿಂತ ತೊಡೆಯದ್ದೇ ಚಿಂತೆ

ಅಬ್ಲೇಶನ್ ಆದ ಕೂಡಲೇ ಕಾಲು ನೆಟ್ಟಗೆ ಚಾಚಿ ತಾಸುಗಟ್ಟಲೆ ಮಲಗಬೇಕು. ನನಗೆ ತೊಡೆಸಂದಿಗೆ ಒಂದು ಹೊಲಿಗೆ ಹಾಕಿ ಮರುದಿನ ಬೆಳಿಗ್ಗೆ ತೆಗೆದರು. ಅಂದೇ ಊರಿಗೆ ಹೊರಡಲಿಲ್ಲ, ತಂಗಿ ಮನೆಯಲ್ಲಿ ಎರಡು ದಿನ ಉಳಿದೆವು. ಇದು ಒಳ್ಳೇದಾಯಿತು. ಕಲಬುರಗಿಗೆ 220 ಕಿಲೋಮೀಟರ್ ಹತ್ತಿರ. ಅಷ್ಟು ದೂರ ಕಾಲು ಮಡಚಿ ಕೂತರೆ ಗಾಯಕ್ಕೂ ಒಳ್ಳೇದಲ್ಲ, ಕಾಲಿನ ನಾಳಗಳಿಗೂ ಒಳ್ಳೇದಲ್ಲ. ಜಹೀರಾಬಾದ್, ಹುಮನಾಬಾದ್, ಕಮಲಾಪುರ ಅಂತ ಮೂರು ಕಡೆ ಇಳಿದು ಐದೈದು ನಿಮಿಷ ಓಡಾಡಿದೆ. ಕಮಲಾಪುರದಲ್ಲಿ ಕೆಂಪು ಬಾಳೆ ಕೊಳ್ಳುವ ನೆಪವೂ ಆಯಿತು.

ತೊಡೆ ನೀಲಿಗಟ್ಟಿ, ಆಮೇಲೆ ಹಳದಿಯಾಗಿ, ಮೊಣಕಾಲಿನವರೆಗೂ ಇಳಿಯಿತು. ರಕ್ತ ತೆಳ್ಳಗಾಗುವ ಗುಳಿಗೆ ನುಂಗುವವರಿಗೆ ಇದು ಮಾಮೂಲಿ. ಬಟಾಣಿಯಷ್ಟು ಗಂಟು ಇದ್ದರೂ ಹೆದರಬೇಕಿಲ್ಲ. ಗಂಟು ದಿನದಿನಕ್ಕೆ ದೊಡ್ಡದಾದರೆ, ಕೈ ಇಟ್ಟಾಗ ಮಿಡಿದರೆ, ಕೀವು ಬಂದರೆ, ಕಾಲು ತಣ್ಣಗಾದರೆ ತೋರಿಸಲೇಬೇಕು. ರಕ್ತ ಸೋರಿದರೆ ಅಲ್ಲೇ ಅಂಗಾತ ಮಲಗಿ. ಪಕ್ಕದವರಿಗೆ ಗಟ್ಟಿಯಾಗಿ ಹತ್ತು ನಿಮಿಷ ಒತ್ತಿ ಹಿಡಿಯಲು ಹೇಳಿ. ನಡುನಡುವೆ ಎತ್ತಿ ನೋಡಬಾರದು. ಚಿಮ್ಮುತ್ತಿದ್ದರೆ, ಅಥವಾ ಹತ್ತು ನಿಮಿಷಕ್ಕೂ ನಿಲ್ಲದಿದ್ದರೆ 108.

ನಮ್ಮ ಮನೆಯದು ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ. ಹೊಸ ಗಾಯ ಇಟ್ಟುಕೊಂಡು ಹಾಗೆ ಕೂರುವುದು ಬೇಡ. ನಡುವೆ ತೂತಿರುವ ಕಮೋಡ್ ಕುರ್ಚಿ ಮೆಡಿಕಲ್ ಅಂಗಡಿಯವರು ಬಾಡಿಗೆಗೂ ಕೊಡುತ್ತಾರೆ. ಹೋಗುವ ಮೊದಲೇ ತಂದಿಡಿ, ಬಂದ ಮೇಲೆ ಹುಡುಕಬೇಡಿ. ಮುಕ್ಕಿರಿಯುವುದೂ ಬೇಡ. ಮಲ ಗಟ್ಟಿಯಾಗುತ್ತಿದ್ದರೆ ಅದಕ್ಕೊಂದು ಔಷಧಿ ಮೊದಲೇ ಕೇಳಿ ಬರೆಸಿಕೊಳ್ಳಿ. ಕೆಮ್ಮು, ಸೀನು ಬಂದಾಗ ಗಾಯದ ಮೇಲೆ ಅಂಗೈ ಒತ್ತಿ. ನೆಲಕ್ಕೆ ಪಟ್ಟು ಹಾಕಿ ಕೂತು ಊಟ ಮಾಡುವುದನ್ನೂ ಒಂದು ವಾರ ಬಿಟ್ಟೆ.

ಕೊಡದ ವಿಷಯ. ನಮ್ಮ ಓಣಿಯಲ್ಲಿ ನಳದ ನೀರು ದಿನಾ ಬರುವುದಿಲ್ಲ. ಬಂದಾಗ ಮನೆಯಲ್ಲಿದ್ದವರೆಲ್ಲ ಕೊಡ ಹಿಡಿಯುತ್ತೇವೆ. ತುಂಬಿದ ಕೊಡ 12-15 ಕಿಲೋ. ಮೊದಲ ವಾರ 5 ಕಿಲೋಗಿಂತ ಜಾಸ್ತಿ ಎತ್ತಬಾರದು. ಐದನೇ ದಿನ ನಳ ಬಂತು. ಸುಮ್ನೆ ಕೂರಲಾಗದೆ ಎದ್ದೆ. 'ಮುತ್ಯಾ, ನೀ ಕೂಡು, ನಾ ಅದೀನಲ್ಲ' ಅಂತ ಮೊಮ್ಮಗಳು ಬಿಂದಿಗೆ ಕಸಿದುಕೊಂಡಳು. ಅವಳಿಗೆ ಹತ್ತು ವರ್ಷ. ನಾಚಿಕೆಯಾಯಿತು, ಆದರೂ ಕೂತೆ.

ಸ್ನಾನ ಮಾಡಬಹುದು, ತೊಟ್ಟಿಯಲ್ಲಿ ಬಾವಿಯಲ್ಲಿ ಮುಳುಗಬಾರದು. ಸುಸ್ತು ಎರಡು ವಾರವಾದರೂ ಇರುತ್ತದೆ. ಜೋರಾಗಿ ಉಸಿರೆಳೆದರೆ ಎದೆ ಚುಚ್ಚುವುದು ಮೊದಲ ದಿನಗಳಲ್ಲಿ ಸಾಮಾನ್ಯ. ಹೃದಯದ ಹೊರಪೊರೆ ಬೆಂದು ಊದಿಕೊಂಡಿರುತ್ತದೆ, ಮುಂದೆ ಬಾಗಿ ಕೂತರೆ ಕಡಿಮೆ ಅನಿಸುತ್ತದೆ.

ಇಷ್ಟು ಮಾತ್ರ ನಿಧಾನ ಓದಿ

ಎಡಗಡೆ ಮೇಲಿನ ಕೋಣೆಯ ಬೆನ್ನಿಗೇ ಅನ್ನನಾಳ ಅಂಟಿಕೊಂಡಿರುತ್ತದೆ. ಹೃದಯಕ್ಕೆ ಕೊಟ್ಟ ಬಿಸಿ ಅಲ್ಲಿಗೂ ತಗಲಿ, ತೀರಾ ಅಪರೂಪಕ್ಕೆ, ಎರಡರ ನಡುವೆ ತೂತು ಬೀಳುತ್ತದೆ. ಅಪರೂಪ ನಿಜ, ಆದರೆ ಜೀವಕ್ಕೇ ಸಂಚಕಾರ. ಅದು ಕಾಣಿಸಿಕೊಳ್ಳುವುದು ಅಬ್ಲೇಶನ್ ಆದ ಒಂದು ವಾರದಿಂದ ಎರಡು ತಿಂಗಳೊಳಗೆ, ಅಂದರೆ ನೀವು ಆರಾಮಾಗಿದ್ದೇನೆ ಅಂದುಕೊಳ್ಳುವ ಹೊತ್ತಿಗೆ. ಜ್ವರ, ಚಳಿ, ನುಂಗುವಾಗ ನೋವು, ಎದೆನೋವು, ರಕ್ತವಾಂತಿ, ಲಕ್ವದ ಲಕ್ಷಣ. ಇವು ಬಂದರೆ ಓಣಿಯ ಕ್ಲಿನಿಕ್‌ನಲ್ಲಿ ಇಂಜೆಕ್ಷನ್ ಹಾಕಿಸಿಕೊಂಡು ಕಾಯಬೇಡಿ. ದೊಡ್ಡ ದವಾಖಾನೆಗೆ ಹೋಗಿ, ಬಾಗಿಲಲ್ಲೇ 'ಹೃದಯಕ್ಕೆ ಅಬ್ಲೇಶನ್ ಆಗಿದೆ' ಅಂತ ಹೇಳಿ. ನುಂಗಲು ತೊಂದರೆ ಅಂದ ಕೂಡಲೇ ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವುದು, ಮಾಡಲು ಹೊರಡುವವರಿರುತ್ತಾರೆ. ಈ ಸಂದರ್ಭದಲ್ಲಿ ಅದು ಅಪಾಯ, ಮೊದಲು ಎದೆಯ ಸಿಟಿ ಸ್ಕ್ಯಾನ್ ಆಗಬೇಕು. ಅಬ್ಲೇಶನ್ ಆದ ತಾರೀಖು, ಮಾಡಿದ ಡಾಕ್ಟರ್ ಫೋನ್ ನಂಬರ್, ಈ ಎಂಡೋಸ್ಕೋಪಿ ಮಾತು ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಎರಡು ತಿಂಗಳು ಅಂಗಿ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಹೊಟ್ಟೆಯ ಆಮ್ಲ ತಗ್ಗಿಸುವ ಗುಳಿಗೆ ಕೆಲವು ವಾರ ಕೊಡುವುದು ಇದಕ್ಕೇ. ಗ್ಯಾಸಿನ ಗುಳಿಗೆ ತಾನೇ ಅಂತ ಬಿಡಬೇಡಿ.

ಎದೆ ಮತ್ತೆ ಹಾರಿತು, ಜಾತ್ರೆಯಲ್ಲಿ

ಹೋಳಿ ಆದ ಮೇಲೆ ನಮ್ಮಲ್ಲಿ ಶರಣಬಸವೇಶ್ವರರ ಜಾತ್ರೆ. ಐದನೇ ವಾರ ನಡೆಯುತ್ತಿತ್ತು ನನಗೆ. ತೇರಿನ ದಿನ ಸಂಜೆ, ದೂರದಲ್ಲೇ ನಿಂತು ನೋಡಿ ಬರೋಣ ಅಂತ ಹೋದೆವು. ಜನ ಖಾರೀಕು ಬಾಳೆಹಣ್ಣು ತೇರಿನ ಮೇಲೆ ಎಸೆಯುತ್ತಿದ್ದರು. ಅಷ್ಟರಲ್ಲಿ ಎದೆಯೊಳಗೆ ಮೀನು ಒದ್ದಾಡಿದ ಹಾಗಾಯಿತು. ಹಳೇ ಪರಿಚಯ. ವಾಚ್ 134 ತೋರಿಸಿತು, ಎಎಫ್ ಅಂತಲೂ ಹೇಳಿತು. ಲಕ್ಷಗಟ್ಟಲೆ ದುಡ್ಡು ನೀರುಪಾಲಾಯಿತು ಅಂತ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತೆ.

ಹೈದರಾಬಾದಿಗೆ ಫೋನ್ ಮಾಡಿದರೆ ಅವರು ಕೇಳಿದ್ದು ನಾಲ್ಕೇ ಮಾತು. ಎದೆನೋವು ಇದೆಯಾ, ಉಸಿರು ಕಟ್ಟುತ್ತಿದೆಯಾ, ತಲೆ ಸುತ್ತಿ ಬೀಳುವ ಹಾಗಿದೆಯಾ, ಗುಳಿಗೆ ತಪ್ಪಿಸಿದ್ದೀರಾ? ನಾಲ್ಕಕ್ಕೂ ಇಲ್ಲ ಅಂದೆ. ಹಾಗಾದರೆ ಮನೆಗೆ ಹೋಗಿ ಮಲಗಿ, ಬೆಳಿಗ್ಗೆಯೂ ಹೀಗೇ ಇದ್ದರೆ ಅಲ್ಲೇ ಕಲಬುರಗಿಯಲ್ಲಿ ಇಸಿಜಿ ಮಾಡಿಸಿ ಕಳಿಸಿ ಅಂದರು. ಬೆಳಗಿನ ಜಾವ ತಾನಾಗಿಯೇ ಸರಿಹೋಯಿತು. ಸುಮಾರು 9 ತಾಸು.

ಇದು ಸೋಲಲ್ಲ ಅನ್ನುವುದನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ! ಸುಟ್ಟ ಜಾಗ ಊದಿಕೊಂಡು ಕೆರಳಿರುತ್ತದೆ, ಗಾಯ ಗಟ್ಟಿಯಾಗುವವರೆಗೆ ಬಡಿತ ಹಾರುವುದು ಬಹಳ ಜನಕ್ಕೆ ಆಗುತ್ತದೆ. ಈ ಅವಧಿಯಲ್ಲಿ ಬಂದ ಎಎಫ್‌ನ ಮೇಲೆ ಅಬ್ಲೇಶನ್ ಫೇಲಾಯಿತು ಅಂತ ತೀರ್ಪು ಕೊಡುವುದಿಲ್ಲ. ಮೊದಲೆಲ್ಲ ಇದನ್ನು 3 ತಿಂಗಳು ಅಂತ ಹಿಡಿಯುತ್ತಿದ್ದರು. 2024ರಲ್ಲಿ ಬೇರೆ ಬೇರೆ ದೇಶಗಳ ಹೃದಯಬಡಿತ ತಜ್ಞರು ಸೇರಿ 8 ವಾರಕ್ಕೆ ಇಳಿಸಿದರು. ಹಾಗಂತ ಬಾಯಿ ಮುಚ್ಚಿಕೊಂಡು ಇರಬೇಡಿ. ತಾನಾಗಿ ನಿಲ್ಲದಿದ್ದರೆ ಔಷಧಿಯಿಂದಲೋ ಸಣ್ಣ ಶಾಕ್ ಕೊಟ್ಟೋ ಸರಿಮಾಡುತ್ತಾರೆ.

ಇನ್ನೊಂದು ಗಾಬರಿಯೂ ಆಯಿತು. ಮೊದಲು ಸುಮ್ನೆ ಕೂತಾಗ ನನ್ನ ನಾಡಿ 64 ಇರುತ್ತಿತ್ತು. ಈಗ 82. ಹೃದಯದ ಮೇಲೆ ಬಡಿತಕ್ಕೆ ಲಗಾಮು ಹಾಕುವ ಸಣ್ಣ ನರದ ಗಂಟುಗಳಿರುತ್ತವಂತೆ, ಬಿಸಿಗೆ ಅವೂ ಸ್ವಲ್ಪ ಸುಡುತ್ತವೆ. ಬಡಿತ ಹತ್ತು ಹದಿನೈದು ಏರಿ, ತಿಂಗಳುಗಟ್ಟಲೆ ಹಾಗೇ ಇರಬಹುದು. ತಾಳ ಸರಿಯಿದ್ದರೆ ಚಿಂತೆ ಇಲ್ಲ. ನನ್ನದು ಈಗ 74.

ಈಗ ವಾಚ್ ವಿಷಯ

ಜಾತ್ರೆ ಆದ ಮೇಲೆ ನನಗೆ ಹುಚ್ಚೇ ಹಿಡಿಯಿತು ಅನ್ನಿ. ಮಗ ಬೆಂಗಳೂರಿಂದ ಪ್ರೀತಿಯಿಂದ ಕಳಿಸಿದ ವಾಚ್. ರಾತ್ರಿ 2 ಗಂಟೆಗೆ ಎಚ್ಚರ ಆಗುತ್ತಿತ್ತು. ಮಂಚದ ಅಂಚಿಗೆ ಕೂತು, ವಾಚ್‌ನ ಗುಂಡಿಯ ಮೇಲೆ ಬೆರಳಿಟ್ಟು 30 ಸೆಕೆಂಡ್ ಉಸಿರು ಬಿಗಿಹಿಡಿಯುತ್ತಿದ್ದೆ. ಕತ್ತಲಲ್ಲಿ ಹಸಿರು ಗೆರೆ ಏರಿಳಿಯುತ್ತ ಹೋಗುತ್ತಿತ್ತು. ಒಂದು ಗೆರೆ ಸ್ವಲ್ಪ ಬೇಗ ಬಂದರೆ ಮತ್ತೆ ಇನ್ನೊಂದು ಸಲ. ಒಂದು ರಾತ್ರಿ ಮನೆಯಾಕೆ ಮಗ್ಗಲು ಬದಲಿಸಿ, 'ರೀ, ಎದಿ ಬಡಿತ ನೋಡಿ ನೋಡಿನೇ ಎದಿ ಬಡಿತ ಏರ್ಲತ್ತದ ನಿಮಗ. ಗಡಿಯಾರ ತೆಗದಿಟ್ಟು ಮಕ್ಕೋರಿ' ಅಂದಳು. ನಿಜ ಅಲ್ವಾ? ಅಮೆರಿಕದಲ್ಲಿ 172 ಎಎಫ್ ರೋಗಿಗಳನ್ನು ವಿಚಾರಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಮಾತು ಬಂದಿದೆ. ವಾಚ್ ಕಟ್ಟುವವರ ಗಮನ ತಮ್ಮ ಎದೆಯ ಮೇಲೇ ಜಾಸ್ತಿ. ಬಡಿತ ತಪ್ಪಿದೆ ಅಂತ ವಾಚ್ ಎಚ್ಚರಿಸಿದಾಗ ಐದರಲ್ಲಿ ಒಬ್ಬರು ವಿಪರೀತ ಹೆದರಿದ್ದರು.

ಮೇ ತಿಂಗಳಲ್ಲಿ ಮೂರು ತಿಂಗಳ ತಪಾಸಣೆಗೆ ಹೋದೆ. ಎರಡು ನೂರು ಪೇಜಿನ ರಿಜಿಸ್ಟರ್ ಬಗಲಲ್ಲಿ ಇಟ್ಟುಕೊಂಡು ಹೋಗಿದ್ದೆ. ದಿನ, ಹೊತ್ತು, ನಾಡಿ, ಬಿಪಿ, ಆಕ್ಸಿಜನ್, ಷರಾ ಎಲ್ಲಾ ಕಾಲಂ ಇತ್ತು. ಡಾಕ್ಟರ್ ನಾಲ್ಕು ಪುಟ ತಿರುವಿ, ಜಾತ್ರೆಯ ದಿನದ ಸಾಲಿನ ಮೇಲೆ ಬೆರಳಿಟ್ಟರು. 'ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇತ್ತು, ಏನನಿಸಿತು. ನನಗೆ ಬೇಕಾದ್ದು ಇದೊಂದೇ ಸಾಲು' ಅಂದರು. ಆಮೇಲೆ ಕೇಳಿದರು: 'ಈ 78 ನಾಳೆ 84 ಆದರೆ ನೀವು ಏನು ಮಾಡುತ್ತೀರಿ?' ಏನೂ ಇಲ್ಲ ಅಂದೆ. 'ಮತ್ತೆ ಯಾಕೆ ಅಳೆಯುತ್ತೀರಿ?'

ಬಸ್‌ಸ್ಟ್ಯಾಂಡಿನಲ್ಲಿ ನಾನೂ ಹೊಸ ಹುಡುಗರಿಗೆ ಇದನ್ನೇ ಹೇಳುತ್ತಿದ್ದೆ. ಗಾಡಿ ಐದು ನಿಮಿಷ ತಡವಾದರೆ ಡಿಪೋಗೆ ಫೋನ್ ಹೊಡೆಯಬೇಡ, ಬರಲೇ ಇಲ್ಲ ಅಂದರೆ ಹೊಡೆ.

ಹಾಗಾಗಿ ನಾನು ಮಾಡಿಕೊಂಡದ್ದು ಹೀಗೆ. ಮೊದಲ ಮೂರು ತಿಂಗಳು ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಚಹಾ ಕುಡಿಯುವ ಮೊದಲು ನೋಡಬೇಕಿತ್ತು. ನಾನು ನೋಡಿದ್ದು ಅದರ ಹತ್ತುಪಟ್ಟು. ನೀವು ಒಂದರಲ್ಲೇ ನಿಲ್ಲಿ. ಅದರ ಹೊರತು ಎದೆ ಹಾರಿದಾಗ ಮಾತ್ರ ಇಸಿಜಿ ಒಂದು ಸಲ, ಇನ್ನೂ ಹಾರುತ್ತಿದ್ದರೆ ತಾಸು ಬಿಟ್ಟು ಇನ್ನೊಂದು. ಮೂರು ತಿಂಗಳು ದಾಟಿದ ಮೇಲೆ ವಾಚ್‌ನಲ್ಲಿ ಬಡಿತದ ಎಚ್ಚರಿಕೆಗಳನ್ನು ಆಫ್ ಮಾಡಿಸಿದೆ. ಈಗ ಅದು ಕಪಾಟಿನಲ್ಲಿದೆ. ಭಾನುವಾರ ಚಾರ್ಜ್ ಹಾಕುತ್ತೇನೆ, ಬೇಕಾದ ಹೊತ್ತಿಗೆ ಸತ್ತಿರಬಾರದು ಅಂತ. ವಾರಕ್ಕೊಮ್ಮೆ ಕೈಯಿಂದ ನಾಡಿ ನೋಡುತ್ತೇನೆ.

'ಹೇಳಲಾಗದು' ಅನ್ನುವುದು ರೋಗದ ಹೆಸರಲ್ಲ. ಕೈ ಅಲುಗಿದರೆ, ಚರ್ಮ ಒಣಗಿದ್ದರೆ, ಪಟ್ಟಿ ಸಡಿಲ ಇದ್ದರೆ, ನಡುವೆ ಒಂದೆರಡು ಬಡಿತ ಮುಂಚೆ ಬಂದರೆ ಹಾಗೆ ತೋರಿಸುತ್ತದೆ. ಕೈಯನ್ನು ಮೇಜಿನ ಮೇಲಿಟ್ಟು, ಮಾತಾಡದೆ ತೆಗೆಯಬೇಕು. ವಾಚ್‌ನ ಹಿಂಭಾಗದ ಹಸಿರು ಬೆಳಕು ನಾಡಿಯನ್ನಷ್ಟೇ ನೋಡುತ್ತದೆ, ಅದು ಇಸಿಜಿ ಅಲ್ಲ. ಬೆರಳಿಟ್ಟು ತೆಗೆದ ಗೆರೆಯನ್ನೇ ಡಾಕ್ಟರ್‌ಗೆ ಕಳಿಸಿ. ಬಿಪಿ ಮಷೀನು ಎಎಫ್ ಇದ್ದಾಗ ಒಮ್ಮೊಮ್ಮೆ ಒಂದೊಂದು ಹೇಳುತ್ತದೆ, ಮೂರು ಸಲ ನೋಡಿ ಸರಾಸರಿ ಹಿಡಿಯಬೇಕು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಜನ್ ಕ್ಲಿಪ್ಪನ್ನು ಮೊಮ್ಮಗಳ ಡಾಕ್ಟರಾಟಕ್ಕೆ ಕೊಟ್ಟುಬಿಟ್ಟೆ.

ಎಲ್ಲರೂ ನನ್ನಂತೆ ವಾಚ್ ಬಿಚ್ಚಿಡಬೇಕು ಅಂತಲ್ಲ. ನಮ್ಮ ಓಣಿಯ ಕಾಕು ಒಬ್ಬರಿಗೆ ಎಎಫ್ ಬಂದರೂ ಏನೂ ಗೊತ್ತಾಗುವುದಿಲ್ಲ. ಎದೆ ಹಾರುವುದಿಲ್ಲ, ಸುಸ್ತೂ ಇಲ್ಲ. ಅವರಿಗೆ ಕೈಯಲ್ಲಿರುವ ಯಂತ್ರವೇ ಸುಳಿವು, ಅವರ ಡಾಕ್ಟರ್ ಬಿಡಬೇಡಿ ಅಂದಿದ್ದಾರೆ. ಹೃದಯದ ಪಂಪಿನ ಶಕ್ತಿ ಕಮ್ಮಿ ಇರುವವರೂ ಕೇಳದೆ ಬಿಡಬಾರದು. ಬಂದಾಗ ಗೊತ್ತಾಗುವ ನನ್ನಂಥವರಿಗೇ ಬಿಚ್ಚಿಡುವ ಅನುಕೂಲ.

ಕೈಯಿಂದ ನಾಡಿ ನೋಡುವುದನ್ನು ಎಲ್ಲರೂ ಕಲಿಯಬೇಕು. ಐದು ನಿಮಿಷ ಸುಮ್ನೆ ಕೂತು, ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಮೂರು ಬೆರಳು ಹಗುರವಾಗಿ ಇಡಿ. ಹೆಬ್ಬೆರಳು ಇಡಬೇಡಿ. ಪೂರ್ತಿ 60 ಸೆಕೆಂಡ್ ಎಣಿಸಿ, ಜೊತೆಗೆ ಕಾಲಿನಿಂದ ತಾಳ ಹಾಕಿ. ಭಜನೆಯಲ್ಲಿ ಹಾಕಿದ ಹಾಗೆ ತಾಳ ಕೂತರೆ ಸರಿ. ತಾಳದ ನಡುವೆ ಎಲ್ಲೋ ಒಂದು ಪೆಟ್ಟು ಬೇಗ ಬಿದ್ದು ಆಮೇಲೆ ಸಣ್ಣ ಖಾಲಿ ಬಂದರೆ ಅದು ಒಂಟಿ ಬಡಿತ, ಸಾಮಾನ್ಯವಾಗಿ ಹೆದರುವಂಥದ್ದಲ್ಲ. ಎಷ್ಟು ಪ್ರಯತ್ನಿಸಿದರೂ ಕಾಲಿಗೆ ತಾಳವೇ ಸಿಗದಿದ್ದರೆ ಆಗ ಇಸಿಜಿ. ಬೇಸಿಗೆಯಲ್ಲಿ ಒಂದು ಎಚ್ಚರ. ನಮ್ಮಲ್ಲಿ ಮೇನಲ್ಲಿ 43 ಡಿಗ್ರಿ ಮುಟ್ಟುತ್ತದೆ. ಮೈಯ ನೀರು ಬತ್ತಿದರೆ ನಾಡಿ ತಾನಾಗಿ ಏರುತ್ತದೆ, ಎಎಫ್ ಕೆರಳುವುದೂ ಉಂಟು. ಎರಡು ಲೋಟ ನೀರೋ ಮಜ್ಜಿಗೆಯೋ ಕುಡಿದು, ನೆರಳಲ್ಲಿ ಅರ್ಧ ತಾಸು ಕೂತು ಆಮೇಲೆ ಎಣಿಸಿ.

ವಾಚ್ ನೋಡಿ ಗುಳಿಗೆ ಬಿಡಬೇಡಿ

ರಕ್ತ ತೆಳ್ಳಗಾಗುವ ಗುಳಿಗೆ ಅಬ್ಲೇಶನ್ ಆದ ಮೇಲೆ ಕಡಿಮೆ ಅಂದರೂ ಎರಡು ತಿಂಗಳು ಎಲ್ಲರಿಗೂ ಬೇಕು. ಆಮೇಲೆ ಮುಂದುವರಿಸಬೇಕಾ ಅನ್ನುವುದನ್ನು ಬಡಿತ ಸರಿಯಾಯಿತಾ ಅಂತ ನೋಡಿ ತೀರ್ಮಾನಿಸುವುದಿಲ್ಲ. ವಯಸ್ಸು 65 ದಾಟಿದೆಯಾ, ಬಿಪಿ, ಸಕ್ಕರೆ, ಹಿಂದೆ ಲಕ್ವ, ಹೃದಯದ ದೌರ್ಬಲ್ಯ ಇದೆಯಾ ಅಂತ ಲೆಕ್ಕ ಹಾಕುತ್ತಾರೆ. ನನಗೆ ಬಿಪಿಯೂ ಇದೆ, ಸಕ್ಕರೆಯೂ ಇದೆ. ಹಾಗಾಗಿ ಎಷ್ಟೋ ತಿಂಗಳಿಂದ ಎಎಫ್ ಬರದಿದ್ದರೂ ಗುಳಿಗೆ ನಡೆದಿದೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಮೊಣಕಾಲು ನೋವಿಗೆ ಮೆಡಿಕಲ್‌ನವರು ಕೊಡುವ ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್ ಈ ಗುಳಿಗೆಯ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಮುಖ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ನಾಡಿ ಎಣಿಸುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಎಷ್ಟು ಹೊತ್ತಿಗೆ ಶುರುವಾಯಿತು ಅನ್ನುವುದನ್ನು ಮಾತ್ರ ಗಡಿಯಾರ ನೋಡಿ ನೆನಪಿಡಿ.

ಫೆಬ್ರವರಿಗೆ ನನ್ನದು ವರ್ಷದ ತಪಾಸಣೆ, 24 ತಾಸಿನ ಹೋಲ್ಟರ್ ಇದೆ. ಅಂದರೆ ಎದೆಗೆ ಪಟ್ಟಿ ಅಂಟಿಸಿ ದಿನವಿಡೀ ಬಡಿತ ದಾಖಲಿಸುವ ಸಣ್ಣ ಯಂತ್ರ. ಹಿಂದಿನ ಸಲ ಬನಿಯನ್ ಮೇಲೆ ಬಿಗಿಯಾದ ಟೀ ಶರ್ಟ್ ಹಾಕಿಕೊಂಡು ಹೋಗಿ ಪಜೀತಿಪಟ್ಟೆ. ಮುಂದೆ ಗುಂಡಿ ಇರುವ ಸಡಿಲ ಅಂಗಿ ಹಾಕಿ ಹೋಗಿ. ಎದೆಗೆ ಎಣ್ಣೆ, ಪೌಡರ್ ಹಚ್ಚಬೇಡಿ, ಪಟ್ಟಿ ಅಂಟುವುದಿಲ್ಲ. ಗಂಡಸರಾದರೆ ಅಲ್ಲಲ್ಲಿ ಕೂದಲು ಬೋಳಿಸುತ್ತಾರೆ. ಹೋಗುವ ಮುಂಚೆ ಸ್ನಾನ ಮುಗಿಸಿ, ಯಂತ್ರ ಬಿಚ್ಚುವವರೆಗೆ ಮತ್ತೆ ಮಾಡುವ ಹಾಗಿಲ್ಲ. ಒಂದು ಹಾಳೆ, ಪೆನ್ನು ಇಟ್ಟುಕೊಂಡು ಮೆಟ್ಟಿಲು ಹತ್ತಿದ್ದು, ಊಟ ಮಾಡಿದ್ದು, ಎದೆ ಹಾರಿದ್ದು ಹೊತ್ತು ಸಮೇತ ಬರೆಯಿರಿ. ಆ ಒಂದು ದಿನ ರಿಜಿಸ್ಟರ್ ಬರೆಯಲು ನನಗೆ ಮನೆಯಾಕೆಯ ಪರ್ಮಿಷನ್ ಇದೆ.